ಹೊಸ್ತಿಲಲ್ಲೇ ನಿಂತು ‘ಕಂಪ್ರೆಸರ್ ಹೋಗಿದೆ’ ಎಂದವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಫ್ರಿಜ್ ಮೆಕ್ಯಾನಿಕ್ ಮಹಾಶಯರೇ,

ತಾವು ನಮ್ಮ ಅಡುಗೆಮನೆಯ ಒಳಗೂ ಬರದೆ, ಚಪ್ಪಲಿ ಬಿಟ್ಟ ಜಾಗದಿಂದಲೇ ಫ್ರಿಜ್ಜಿನ ಕಿಣಿಕಿಣಿ ಗಡಗಡ ಸದ್ದು ಕೇಳಿ ‘ಕಂಪ್ರೆಸರ್ ಹೋಗಿದೆ ಸಾರ್’ ಎಂದು ತೀರ್ಪು ಕೊಟ್ಟಿರಿ. ಡಾಕ್ಟರಾದರೂ ನಾಡಿ ಹಿಡಿಯುತ್ತಾರೆ. ತಮಗೆ ಅದೂ ಬೇಕಾಗಲಿಲ್ಲ. ಹೊಸ ಕಂಪ್ರೆಸರ್, ಗ್ಯಾಸ್ ಚಾರ್ಜ್, ಲೇಬರ್ ಎಂದು ತಾವು ಕೂಡಿಸಿದ ಮೊತ್ತ ಕೇಳಿ ನಮ್ಮ ಮನೆಯವರು ಕುರ್ಚಿ ಹುಡುಕಿದರು. ‘ಅದಕ್ಕಿಂತ ಎಕ್ಸ್‌ಚೇಂಜಿಗೆ ಹಾಕಿಬಿಡಿ, ನಮ್ಮವರದೇ ಅಂಗಡಿ ಇದೆ’ ಎಂಬ ಸಲಹೆಯನ್ನಂತೂ ಪುಕ್ಕಟೆ ಕೊಟ್ಟಿರಿ. ಈ ಕಾಲದಲ್ಲಿ ಇಂಥ ಔದಾರ್ಯ ಎಲ್ಲಿ ಸಿಗುತ್ತದೆ?

ತಾವು ಅತ್ತ ಹೋದಮೇಲೆ ಇತ್ತ ಒಂದು ಅಪಚಾರ ನಡೆಯಿತು. ಪ್ಲಗ್ ಕಿತ್ತು, ಫ್ರಿಜ್ಜನ್ನು ಗೋಡೆಯಿಂದ ಈಚೆಗೆಳೆದು, ಅದರ ಬೆನ್ನು ನೋಡಿದೆ. ತಮ್ಮಂಥ ದಿವ್ಯಕರ್ಣ ನನಗಿಲ್ಲ ನೋಡಿ, ಕಣ್ಣನ್ನೇ ನಂಬಬೇಕಾಯಿತು.

ನೆತ್ತಿಯ ಮೇಲೆ ಏನನ್ನೂ ಇಟ್ಟುಕೊಳ್ಳದ ಫ್ರಿಜ್ಜನ್ನು ನಮ್ಮ ಕಡೆ ನಾನಿನ್ನೂ ಕಂಡಿಲ್ಲ. ಔಷಧಿ ಸೀಸೆ, ಸ್ಟೀಲ್ ಡಬ್ಬಿ, ಚಿಲ್ಲರೆ ಹಾಕಿದ ಬಟ್ಟಲು, ಪ್ಲಾಸ್ಟಿಕ್ ಹೂದಾನಿ ಎಲ್ಲವನ್ನೂ ಇಳಿಸಿ ಮತ್ತೆ ಪ್ಲಗ್ ಹಾಕಿದೆ. ಕಿಣಿಕಿಣಿ ನಿಂತಿತು, ಗಡಗಡ ಉಳಿಯಿತು. ಬಗ್ಗಿ ನೋಡಿದರೆ ಕೆಳಗಿನ ಸ್ಟ್ಯಾಂಡಿನ ಒಂದು ಕಾಲು ನೆಲವನ್ನೇ ಮುಟ್ಟಿರಲಿಲ್ಲ. ಅದನ್ನು ತಿರುಗಿಸಿ ಮಟ್ಟ ಮಾಡಿದೆ, ಮುಂಭಾಗವನ್ನು ಮಾತ್ರ ತುಸು ಎತ್ತರಕ್ಕೇ ಬಿಟ್ಟೆ, ಬಾಗಿಲು ತಾನಾಗಿ ಮುಚ್ಚಿಕೊಳ್ಳಲಿ ಎಂದು. ಗಡಗಡ ಅರ್ಧಕ್ಕಿಳಿಯಿತು.

ಮಿಕ್ಕ ಅರ್ಧ ಟ್ರೇಯದು. ಕಂಪ್ರೆಸರಿನ ಮೇಲೊಂದು ಪ್ಲಾಸ್ಟಿಕ್ ಟ್ರೇ ಇರುತ್ತದೆ. ಒಳಗೆ ಕರಗಿದ ಮಂಜಿನ ನೀರು ಅಲ್ಲಿಗಿಳಿದು, ಕಂಪ್ರೆಸರಿನ ಬಿಸಿಗೇ ಆವಿಯಾಗಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ ಏರ್ಪಾಡು. ಅದರ ಒಂದು ಕ್ಲಿಪ್ ಕಳಚಿತ್ತು. ಪಕ್ಕದಲ್ಲಿ ತಾಮ್ರದ ಪೈಪೊಂದು ತಗಡಿಗೆ ಒರಗಿ ಜುಯ್ಯೆನ್ನುತ್ತಿತ್ತು. ಪ್ಲಗ್ ಕಿತ್ತು, ಪೈಪಿನ ಬಿಸಿ ಆರುವವರೆಗೆ ಕಾದು, ಬೆರಳಿನಿಂದ ಕಡಲೆಕಾಳಿನಷ್ಟು ಈಚೆಗೆ ಸರಿಸಿದೆ. ಜೋರಾಗಿ ಎಳೆದರೆ ಪೈಪು ಮಡಚಿ ಗ್ಯಾಸು ಹೋಗುತ್ತದೆ, ಆಮೇಲೆ ತಮ್ಮ ಪಾದವೇ ಗತಿ. ಕಂಪ್ರೆಸರನ್ನು ಹೊತ್ತಿರುವ ರಬ್ಬರ್ ಬುಷ್‌ಗಳನ್ನೂ ಒತ್ತಿ ನೋಡಿದೆ. ಇನ್ನೂ ಮೆತ್ತಗಿವೆ, ಕಲ್ಲಾಗಿದ್ದರೆ ಬದಲಿಸಬೇಕಿತ್ತು.

ತಾವು ಮರಣಪತ್ರ ಬರೆದ ಕಂಪ್ರೆಸರ್ ಮಾತ್ರ ಉಕ್ಕಿನ ಚಿಪ್ಪಿನೊಳಗೆ ಸ್ಪ್ರಿಂಗುಗಳ ಮೇಲೆ ಕೂತು ಗುಂಯ್ಗುಟ್ಟುತ್ತಿದೆ. ಕರೆಂಟಿನ ಆವರ್ತ ಸೆಕೆಂಡಿಗೆ 50 ಇರುವುದರಿಂದ ಮೋಟರಿನ ಕಬ್ಬಿಣ ಸೆಕೆಂಡಿಗೆ 100 ಸಲ ಕಂಪಿಸುತ್ತದೆ. ಆ ಗುಂಯ್ ಅದರ ಹುಟ್ಟುಸ್ವರ. ನಿಲ್ಲುವಾಗ ಒಮ್ಮೆ ಧಡಕ್ಕೆನ್ನುವುದು, ಪೈಪಿನಲ್ಲಿ ಗುಳುಗುಳು ಕೇಳುವುದು, ನಡುರಾತ್ರಿ ಪ್ಲಾಸ್ಟಿಕ್ಕು ಚಟ್ಟೆನ್ನುವುದು ಯಾವುದೂ ರೋಗವಲ್ಲ.

ದಾವಣಗೆರೆಯಲ್ಲಿರುವ ನನ್ನ ಭಾವಮೈದುನನ ಡಬಲ್ ಡೋರ್ ಫ್ರಿಜ್ಜಿಗೆ ತಮ್ಮ ಕಸುಬಿನವರೊಬ್ಬರು ಫೋನಿನಲ್ಲೇ ಇದೇ ತೀರ್ಪು ಕೊಟ್ಟರಂತೆ. ವಿದ್ಯೆ ಎಷ್ಟು ಬೆಳೆದಿದೆ! ಅವರ ಮನೆಯ ಸದ್ದು ಕರಕರ. ಬಾಗಿಲು ತೆರೆದರೆ ನಿಲ್ಲುತ್ತಿತ್ತು, ಬಾಗಿಲ ಸಂದಿನ ಸ್ವಿಚ್ಚನ್ನು ಬೆರಳಲ್ಲಿ ಒತ್ತಿದರೆ ಮತ್ತೆ ಶುರು. ಕಂಪ್ರೆಸರಿಗೂ ಆ ಸ್ವಿಚ್ಚಿಗೂ ಸಂಬಂಧವಿಲ್ಲ. ಫ್ರೀಜರಿನ ಹಿಂದಿನ ಫ್ಯಾನಿಗೆ ಐಸು ತಾಗುತ್ತಿತ್ತು, ಅಷ್ಟೇ. ಪ್ಲಗ್ ಕಿತ್ತು ಬಾಗಿಲು ತೆರೆದಿಟ್ಟು, ಐಸು ಕರಗಲು ಬಿಟ್ಟರು. ಚಾಕುವಿನಲ್ಲಿ ಐಸು ಕೆತ್ತಲು ಹೊರಟ ಮಗನನ್ನು ತಡೆದದ್ದೇ ಆ ದಿನದ ದೊಡ್ಡ ರಿಪೇರಿ. ಒಳಗಿನ ಅಲ್ಯೂಮಿನಿಯಂ ಪೈಪಿಗೆ ತೂತು ಬಿದ್ದಿದ್ದರೆ ತಮ್ಮ ಎಕ್ಸ್‌ಚೇಂಜ್ ಭವಿಷ್ಯವಾಣಿ ನಿಜವಾಗುತ್ತಿತ್ತು.

ಫ್ರಿಜ್ಜಿನ ಸದ್ದು ಐನ್‌ಸ್ಟೈನರನ್ನೂ ಬಿಟ್ಟಿಲ್ಲ ಎಂಬುದು ತಮಗೆ ಸಮಾಧಾನ ತರಬಹುದು. ಅವರೂ ಲಿಯೋ ಸಿಲಾರ್ಡ್ ಎಂಬ ಭೌತವಿಜ್ಞಾನಿಯೂ 1926ರ ಸುಮಾರಿಗೆ ಬರ್ಲಿನ್ನಿನಲ್ಲಿ ವಿಷಾನಿಲ ಸೋರದ ಫ್ರಿಜ್ ಮಾಡಹೊರಟರು; 1930ರಲ್ಲಿ ಅಮೆರಿಕದ ಪೇಟೆಂಟೂ ಬಂತು. ಅವರ ಒಂದು ಮಾದರಿಯಲ್ಲಿ ತಿರುಗುವ ಮೋಟರೇ ಇರಲಿಲ್ಲ, ಕಾಂತಕ್ಷೇತ್ರವೇ ದ್ರವಲೋಹವನ್ನು ತಳ್ಳುತ್ತಿತ್ತು. ಆದರೂ ಅದು ಕಿವಿ ಮುಚ್ಚಿಕೊಳ್ಳುವಷ್ಟು ಅರಚಿತು. ಅಂಗಡಿಯ ಮುಖ ಕಾಣಲಿಲ್ಲ. ತಾವು ಆಗ ಬರ್ಲಿನ್ನಿನಲ್ಲಿದ್ದಿದ್ದರೆ ಪ್ರಯೋಗಾಲಯದ ಬಾಗಿಲಲ್ಲೇ ಏನು ಹೇಳುತ್ತಿದ್ದಿರೆಂದು ಊಹಿಸಬಲ್ಲೆ.

ಹಾಗೆಂದು ತಮ್ಮ ಅನ್ನಕ್ಕೆ ಕಲ್ಲು ಹಾಕುವ ಉದ್ದೇಶ ನನಗಿಲ್ಲ. ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿ ಇರುವುದು ಆರ್-600ಎ, ಅಂದರೆ ಐಸೊಬ್ಯುಟೇನ್. ಅಡುಗೆ ಗ್ಯಾಸಿನ ದಾಯಾದಿ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಪೈಪು ಕತ್ತರಿಸುವುದು, ಬೆಸುಗೆ ಹಾಕುವುದು ನನ್ನಂಥವರ ಕೆಲಸವಲ್ಲ. ಭಾವಮೈದುನನ ಫ್ರಿಜ್ಜಿನಲ್ಲಿ ಐಸು ಮತ್ತೆ ಬೇಗ ಕಟ್ಟಿದರೆ ಹೀಟರನ್ನೋ ಥರ್ಮೋಸ್ಟಾಟನ್ನೋ ನೋಡಲು ಬಲ್ಲವರು ಬೇಕು. ನಮ್ಮದು ಮುಂದೆಂದಾದರೂ ಹೊರಡಲಾರದೆ ಗುಂಯ್ ಎಂದು ಟಕ್ ಎಂದು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾಡತೊಡಗಿದರೆ ಆಗಲೂ ತಮಗೇ ಫೋನ್ ಮಾಡುತ್ತೇನೆ. ಅದು ವೋಲ್ಟೇಜ್ ಇರಬಹುದು, ಅಗ್ಗದ ರಿಲೇ ಇರಬಹುದು, ಕೊನೆಗೆ ಕಂಪ್ರೆಸರೂ ಇರಬಹುದು. ಬರುವಾಗ ಮಲ್ಟಿಮೀಟರ್ ತನ್ನಿ. ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬನ್ನಿ, ವಿಸಿಟಿಂಗ್ ಚಾರ್ಜಿನಲ್ಲಿ ಒಂದು ರೂಪಾಯಿಯೂ ಚೌಕಾಸಿ ಮಾಡುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಫ್ರಿಜ್ಜಿನ ಮಾಲೀಕ