ಬ್ಯಾಕಪ್ ಪ್ರಮಾಣ ಮೀಮಾಂಸೆ

ಸರ್ವರಿಗೆ ಬ್ಯಾಕಪ್ ಇದೆಯೇ ಎಂದು ಕೇಳಿದರೆ ಸಿಸ್ಟಂ ಅಡ್ಮಿನ್ ಪರಂಪರೆ ಕೊಡುತ್ತ ಬಂದಿರುವ ಉತ್ತರ: ‘ಇರಬೇಕು.’ ಇದು ಜ್ಞಾನವೋ ಬರಿಯ ಹಾರೈಕೆಯೋ ಎಂದು ನಿರ್ಣಯಿಸಲು ಪಂಡಿತರು ಡಿಸ್ಕ್ ಸತ್ತ ರಾತ್ರಿಯ ಹೊರತು ಸಭೆ ಸೇರಿದ್ದಿಲ್ಲ. ಆ ಕೊರತೆ ನೀಗಲೆಂದು ಭಾಟ್ಟ ಮೀಮಾಂಸಕರ ಆರು ಪ್ರಮಾಣಗಳನ್ನು ಬ್ಯಾಕಪ್ಪಿಗೆ ಹಚ್ಚಿ ನೋಡುವ ಈ ಲಘುಗ್ರಂಥವನ್ನು ರಚಿಸಲಾಗಿದೆ.

ಶಬ್ದಪ್ರಮಾಣವನ್ನು ಮೊದಲೇ ಮುಗಿಸಿಬಿಡೋಣ. ಮಾರಾಟಗಾರರ ಬ್ರೋಷರ್ ಅಪೌರುಷೇಯ. ಅನಾಹುತದ ಮರುದಿನ ವಿಚಾರಿಸಿದರೆ ಅದನ್ನು ಬರೆದವರೇ ಇರುವುದಿಲ್ಲ. ಉಪಮಾನಕ್ಕೆ ಶಾಸ್ತ್ರ ಕೊಡುವ ಉದಾಹರಣೆ, ಹಸುವನ್ನು ಹೋಲುವ ಗವಯವೆಂಬ ಕಾಡುಮೃಗ. ನಮ್ಮ ಶಾಸ್ತ್ರದಲ್ಲಿ ಗವಯವೆಂದರೆ ಬರೆದದ್ದನ್ನೆಲ್ಲ ಎರಡು ಡಿಸ್ಕುಗಳಲ್ಲೂ ಬರೆಯುವ ರೇಡ್. ಎರಡು ಡಿಸ್ಕುಗಳಲ್ಲಿ ಒಂದು ಸತ್ತರೂ ಸರ್ವರ್ ನಡೆಯುತ್ತದೆ, ನಿಜ. ಆದರೆ ನೀವು ತಪ್ಪಿ ಅಳಿಸಿದ ಫೈಲನ್ನು ಅದು ಅಷ್ಟೇ ನಿಷ್ಠೆಯಿಂದ, ಅದೇ ಕ್ಷಣದಲ್ಲಿ, ಎರಡೂ ಡಿಸ್ಕುಗಳಿಂದ ಅಳಿಸುತ್ತದೆ. ಗವಯದ ಕೆಳಗೆ ಚೆಂಬು ಹಿಡಿದು ಕೂತವರು ಇಂದಿಗೂ ಬೇಕಾದಷ್ಟು ಮಂದಿ.

ಹೊಗೆ ಕಂಡಲ್ಲಿ ಬೆಂಕಿಯಿದೆ ಎಂಬ ಅನುಮಾನಪ್ರಮಾಣ 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಅಕ್ಷರಶಃ ಸಿದ್ಧವಾಯಿತು. ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟುಹೋಯಿತು. ಕೆಲವು ಗ್ರಾಹಕರ ಬ್ಯಾಕಪ್ಪೂ ಅದೇ ತಾಣದಲ್ಲಿದ್ದು, ಮೂಲದೊಂದಿಗೆ ಸಹಗಮನ ಮಾಡಿತು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದಾದರೂ ಬೇರೆ ಊರಿನಲ್ಲಿ ಎಂಬ 3-2-1 ಸೂತ್ರದಲ್ಲಿ ಕೊನೆಯ ಅಂಕಿಯನ್ನು ಜನ ಪ್ರಕ್ಷಿಪ್ತವೆಂದು ಬಗೆದು ಕೈಬಿಡುವುದೇ ಹೆಚ್ಚು.

ಈಗ ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಿರಲೇಬೇಕು. ಇದೇ ಜಾಡು ಹಿಡಿದು ಅಡ್ಮಿನ್ ತರ್ಕಿಸುತ್ತಾನೆ: ಬ್ಯಾಕಪ್ ಡಿಸ್ಕ್ ದಿನೇ ದಿನೇ ತುಂಬುತ್ತಿದೆ, ಹಗಲು ಏನೂ ನಡೆಯುತ್ತಿಲ್ಲ, ಆದ್ದರಿಂದ ರಾತ್ರಿ ಎರಡಕ್ಕೆ ಬ್ಯಾಕಪ್ ಆಗುತ್ತಿರಲೇಬೇಕು. ಬಗೆದು ನೋಡಿದರೆ ಡಿಸ್ಕಿನಲ್ಲಿರುವುದು ‘ಬ್ಯಾಕಪ್ ವಿಫಲ’ ಎಂದು ಸಾಲುಸಾಲಾಗಿ ಸಾರುವ ಲಾಗ್ ಫೈಲ್. ದೇವದತ್ತ ಉಂಡದ್ದು ಹೌದು. ಏನನ್ನು ಎಂದು ಮೀಮಾಂಸಕರು ವಿಚಾರಿಸಲಿಲ್ಲ.

ಅನುಪಲಬ್ಧಿಗೆ ಮಾತ್ರ ಪೂರ್ಣ ಅಧ್ಯಾಯವೇ ಸಲ್ಲಬೇಕು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ದೂರಿನ ಮೇಲ್ ಬಾರದಿದ್ದರೆ ದೋಷವಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಇಂಜಿನಿಯರೊಬ್ಬರು ಉಪಸರ್ವರೆಂದು ಭಾವಿಸಿ ಮುಖ್ಯ ಡೇಟಾಬೇಸ್ ಸರ್ವರಿನ ಮೇಲೆಯೇ ಅಳಿಸುವ ಆಜ್ಞೆ ಓಡಿಸಿದರು. ಕೈ ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್ ಹುಡುಕಿದರೆ ಸಿಕ್ಕಿದ್ದು ಶೂನ್ಯ. ಡೇಟಾಬೇಸ್ 9.6ನೇ ಆವೃತ್ತಿ, ಅದರ ನಕಲು ತೆಗೆಯಬೇಕಿದ್ದ ಉಪಕರಣ 9.2, ಪ್ರತಿ ಸಲವೂ ಸೋಲುತ್ತಿತ್ತು. ಸೋತೆನೆಂದು ಮೇಲ್ ಕಳಿಸುತ್ತಲೂ ಇತ್ತು. ಆ ಮೇಲನ್ನು ದೃಢೀಕರಣ ಸರಿಯಿಲ್ಲವೆಂದು ಅಂಚೆಯ ಸರ್ವರ್ ಬಾಗಿಲಲ್ಲೇ ತಿರಸ್ಕರಿಸುತ್ತಿತ್ತು. ಹೀಗೆ ಗಡಿಗೆಯೂ ಇಲ್ಲ, ಗಡಿಗೆ ಇಲ್ಲವೆಂಬ ಸುದ್ದಿಯೂ ಇಲ್ಲ. ಕೊನೆಗೆ ಕಾಪಾಡಿದ್ದು ಆರು ಗಂಟೆ ಹಿಂದೆ ಬೇರಾವುದೋ ಪರೀಕ್ಷೆಗೆಂದು ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್. ಇದನ್ನು ಕೆಲವರು ಡಿಸಾಸ್ಟರ್ ರಿಕವರಿ ಎನ್ನುತ್ತಾರೆ. ಪೂರ್ವಜನ್ಮದ ಪುಣ್ಯವೆಂದು ಈ ಗ್ರಂಥಕರ್ತನ ಮತ.

ಉಳಿದದ್ದು ಪ್ರತ್ಯಕ್ಷ: ಪ್ರತಿಯಿಂದ ಯಂತ್ರವನ್ನು ಬೂಟ್ ಮಾಡಿ, ಲಾಗಿನ್ ಕಣ್ಣಾರೆ ನೋಡುವುದು. ಫೈಲುಗಳೆಲ್ಲ ಬಂದವೆಂದು ಹಿಗ್ಗುವವರು ಹಳೆಯ ಬಯಾಸ್ ಯಂತ್ರದಲ್ಲಿ ಮೊದಲ 512 ಬೈಟುಗಳನ್ನೂ, ಹೊಸ ಯುಇಎಫ್‌ಐ ಯಂತ್ರದಲ್ಲಿ ಬೂಟಿನ ಪುಟ್ಟ ಪಾರ್ಟಿಷನ್ನನ್ನೂ ಮರೆತಿರುತ್ತಾರೆ. ಕ್ಲೋನ್ ಮಾಡಿದವರ ಸಂಕಟ ಬೇರೆ. ಮೂಲಕ್ಕೂ ಪ್ರತಿಗೂ ಯುಯುಐಡಿ ಎಂಬ ಗುರುತುಸಂಖ್ಯೆ ಒಂದೇ. ಎರಡನ್ನೂ ಒಂದೇ ಯಂತ್ರಕ್ಕೆ ಜೋಡಿಸಿದರೆ ಯಾವುದು ಮೌಂಟ್ ಆಯಿತೆಂಬುದು ದೈವಚಿತ್ತ. ಈ ವಿಷಯದಲ್ಲಿ ನಾವು ಉಡುಪಿಯ ಪಕ್ಷ. ಮಧ್ವಾಚಾರ್ಯರ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂ ಅದನ್ನು ಬಲ್ಲದು. ಅದೇ ಯುಯುಐಡಿಯ ಎರಡನೆಯದನ್ನು ವಿಶೇಷ ಅಪ್ಪಣೆಯಿಲ್ಲದೆ ಮೌಂಟ್ ಮಾಡಲು ಒಪ್ಪುವುದಿಲ್ಲ.

ಪೂರ್ವಪಕ್ಷ: ನಡೆಯುವ ಸರ್ವರನ್ನು ನಿಲ್ಲಿಸಿ ಪರೀಕ್ಷಿಸಲು ಮ್ಯಾನೇಜರ್ ಬಿಡುವುದಿಲ್ಲ. ಸಿದ್ಧಾಂತ: ನಿಲ್ಲಿಸಬೇಕಿಲ್ಲ, ವರ್ಚುವಲ್ ಯಂತ್ರದಲ್ಲಿ ಎಬ್ಬಿಸಿದರೆ ಸಾಕು. ಎಬ್ಬಿಸುವ ಮುನ್ನ ನೆಟ್‌ವರ್ಕ್ ಕೀಳತಕ್ಕದ್ದು. ಇಲ್ಲದಿದ್ದರೆ ಪ್ರತಿಯು ತಾನೇ ಮೂಲವೆಂದು ನಂಬಿ, ನಿಗದಿತ ಕೆಲಸಗಳ ಕ್ರಾನ್ ಪಟ್ಟಿ ತೆರೆದು, ಕಳೆದ ವಾರದ ಬಿಲ್ಲುಗಳನ್ನು ಗ್ರಾಹಕರಿಗೆಲ್ಲ ಮತ್ತೊಮ್ಮೆ ಕಳಿಸೀತು.

ಬ್ಯಾಕಪ್ಪಿನ ಪಾಸ್‌ವರ್ಡು, ರಿಕವರಿಯ ವಿಧಾನ ಎರಡೂ ಅದೇ ಸರ್ವರಿನಲ್ಲಿದ್ದರೆ ಅದು ಅನ್ಯೋನ್ಯಾಶ್ರಯ ದೋಷ. ಪರಿಹಾರಕ್ಕೆ ಕಾಗದ ಸಾಕು. ಇನ್ನು ಅಧಿಕಾರಿ ನಿರೂಪಣೆ. ಬ್ಯಾಕಪ್ ಸ್ಕ್ರಿಪ್ಟ್ ಬರೆದವನಿಗೆ ಪರೀಕ್ಷೆಯ ಅಧಿಕಾರವಿಲ್ಲ, ಏಕೆಂದರೆ ಕಾಗದದಲ್ಲಿಲ್ಲದ ನಾಲ್ಕಾರು ಹೆಜ್ಜೆ ಅವನ ಬೆರಳಲ್ಲಿರುತ್ತವೆ. ನಿನ್ನೆ ಕೆಲಸಕ್ಕೆ ಸೇರಿದವನ ಕೈಗೆ ಕಾಗದ ಕೊಟ್ಟು, ಬರೆದವನನ್ನು ಕಾಫಿಗೆ ಕಳಿಸಬೇಕು. ಹೋಗುವಾಗ ಅವನ ಮೊಬೈಲನ್ನೂ ಇಸಿದುಕೊಳ್ಳತಕ್ಕದ್ದು.