ಅಟ್ಟದ ಮೇಲಿನ ಮೌಲ್ಯಮಾಪಕ

ನಮ್ಮ ಸೀಮೆಯಲ್ಲಿ ಆಸ್ತಿಗೆ ಬೆಲೆ ಕಟ್ಟಲು ಬಾರದವರು ಅಂತ ಯಾರೂ ಇಲ್ಲ. ಹೆಣ್ಣು ಕೊಡಲು ಬಂದವರು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಹಿತ್ತಲ ಬಾಗಿಲಲ್ಲಿ ನಿಂತು ತೆಂಗಿನ ಮರ ಎಣಿಸಿ ಆಗಿರುತ್ತದೆ. ಹುಡುಗನ ಮುಖ ನೋಡುವುದೆಲ್ಲ ಆಮೇಲೆ. ಹಿರಿಯರೊಬ್ಬರು ಕತ್ತೆತ್ತಿ ಅಟ್ಟದ ಕಡೆ ಕಣ್ಣು ಹಾಯಿಸುತ್ತಾರೆ: ಕಾಯಿ ಎಷ್ಟು ತುಂಬಿದೆ, ಹೋದ ವರ್ಷದ್ದೋ ಈ ವರ್ಷದ್ದೋ. ಇನ್ನೊಬ್ಬರು ಬೋರ್‌ವೆಲ್ ಎಷ್ಟು ಅಡಿ ಎಂದು ಮಾತಿಗೆ ಮಾತು ಬಂದಂತೆ ಕೇಳುತ್ತಾರೆ. ಎಲೆ ಎತ್ತುವ ಹೊತ್ತಿಗೆ ವರದಿ ಸಿದ್ಧ. ಸೀಲು, ಸಹಿ, ನೋಂದಣಿ ಸಂಖ್ಯೆ ಯಾವುದೂ ಬೇಕಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜನಕ್ಕೆ ಹುಟ್ಟುತ್ತಲೇ ಬರುವ ಈ ವಿದ್ಯೆಯನ್ನು ಫೀಸು ಕಟ್ಟಿ, ಪರೀಕ್ಷೆ ಬರೆದು, ಈಗಲೂ ವರ್ಷವರ್ಷ ಆನ್‌ಲೈನ್ ಕ್ಲಾಸಿಗೆ ಕೂತು ಕಲಿಯುತ್ತಿರುವ ಪುಣ್ಯಾತ್ಮ ನಾನು.

ಸಂಪಿಗೆ ನಮ್ಮೂರು. ರೈಲಿನಲ್ಲಿ ಅರಸೀಕೆರೆ ಕಡೆ ಹೋಗುವವರಿಗೆ ಸಂಪಿಗೆ ರೋಡ್ ಎಂಬ ಸ್ಟೇಷನ್ ಬೋರ್ಡಾದರೂ ಕಂಡಿರುತ್ತದೆ. ಓದಿದ್ದು ಸಿವಿಲ್ ಇಂಜಿನಿಯರಿಂಗ್. ಕೆಲಸ, ಸಾಲ ಕೇಳಿದವರ ಮನೆಗೆ ಹೋಗಿ ಟೇಪು ಹಿಡಿದು, ಮಾಲೀಕರನ್ನು ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆದು, ಇದು ಇಷ್ಟು ಬಾಳುತ್ತದೆ ಎಂದು ಬ್ಯಾಂಕಿಗೆ ಬರೆದುಕೊಡುವುದು. ಈಚೆಗೆ ಮಕ್ಕಳನ್ನು ಎಂ.ಎಸ್. ಓದಲು ಹೊರದೇಶಕ್ಕೆ ಕಳಿಸುವವರೂ ಬರುತ್ತಾರೆ. ತಮ್ಮ ಆಸ್ತಿ ಇಷ್ಟು ಎಂದು ತೋರಿಸಲು ತೋಟ, ಮನೆ, ಸೈಟು ಎಲ್ಲ ಸೇರಿಸಿ ಒಂದು ದೊಡ್ಡ ಮೊತ್ತ ಅವರಿಗೆ ಬೇಕು. ಸಾಲಕ್ಕೆ ಬಂದವರಿಗೂ ಅದೇ ದೊಡ್ಡ ಮೊತ್ತ. ಅದೇ ಮನುಷ್ಯ ಅಣ್ಣತಮ್ಮಂದಿರ ಭಾಗದ ವಿಚಾರಕ್ಕೆ ಬಂದಾಗ ಮಾತ್ರ, ‘ಏನಿದೆ ಸಾರ್ ಅದರಲ್ಲಿ, ಬರೀ ಕಲ್ಲು’ ಅನ್ನುತ್ತಾನೆ.

ಮೊದಲು ಇಷ್ಟೊಂದು ಕಟ್ಟುನಿಟ್ಟು ಇರಲಿಲ್ಲ. 2013ರ ಕಂಪನಿ ಕಾಯ್ದೆಯಲ್ಲಿ 247ನೇ ಕಲಂ ಎಂದು ಒಂದು ಬಂತು. ಅದರಡಿ 2017ರ ಅಕ್ಟೋಬರಿನಲ್ಲಿ ನಿಯಮ ಬಂದವು. ಕಂಪನಿ ಕಾಯ್ದೆಗೆ ಬೇಕಾದ ಬೆಲೆಯನ್ನು ಇನ್ನು ನೋಂದಾಯಿತ ಮೌಲ್ಯಮಾಪಕರೇ ಕಟ್ಟಬೇಕು ಎಂದಾಯಿತು. ಜಮೀನು-ಕಟ್ಟಡಕ್ಕೊಂದು, ಯಂತ್ರಗಳಿಗೊಂದು, ಷೇರು ಬಾಂಡುಗಳಿಗೊಂದು ಎಂದು ಮೂರು ವರ್ಗ ಮಾಡಿದರು. ನಮ್ಮದು ಮೊದಲನೆಯದು. ಐವತ್ತು ಗಂಟೆಯ ಪಾಠ ಕೇಳಬೇಕು, ಆಮೇಲೆ ಕಂಪ್ಯೂಟರ್ ಮುಂದೆ ಎರಡು ಗಂಟೆಯ ಪರೀಕ್ಷೆ, ಪಾಸಾಗಲು ನೂರಕ್ಕೆ ಅರವತ್ತು, ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಡಿತ. 2018ರ ಮಾರ್ಚ್ 31ಕ್ಕೆ ಪರೀಕ್ಷೆ ಶುರುವಾಯಿತು. ಕಾಲು ಅಂಕ ಕಡಿತದ ಸುದ್ದಿ ಕೇಳಿದ ನನ್ನ ಹೆಂಡತಿ, ‘ಗೊತ್ತಿಲ್ಲದೆ ಮಾತಾಡಿದರೆ ಕಳೀತಾರೆ ಅನ್ನೋ ಪದ್ಧತಿ ಮನೇಲೂ ತರಬಹುದು ನೋಡಿ’ ಅಂದಳು.

ಪಾಸಾಗಿ ಸರ್ಟಿಫಿಕೇಟ್ ಬಂತು. ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆ. ಎಡವಟ್ಟು ಎಲ್ಲಿ ಎಂದರೆ, ನಮ್ಮನ್ನು ನೋಂದಾಯಿಸಿಕೊಳ್ಳುವ ಅಧಿಕಾರವನ್ನು ಸರ್ಕಾರ ಕೊಟ್ಟಿರುವುದು ಇನ್‌ಸಾಲ್ವೆನ್ಸಿ ಅಂಡ್ ಬ್ಯಾಂಕ್ರಪ್ಸಿ ಬೋರ್ಡ್ ಆಫ್ ಇಂಡಿಯಾಕ್ಕೆ. ದಿವಾಳಿ ಎದ್ದ ಕಂಪನಿಯ ಆಸ್ತಿಗೆ ನಮ್ಮಂಥ ಇಬ್ಬರು ಬೇರೆಬೇರೆಯಾಗಿ ಬೆಲೆ ಕಟ್ಟಬೇಕು ಎಂಬ ನಿಯಮವಿದೆ. ಅದಕ್ಕೇ ಈ ನಂಟು. ಇದನ್ನು ಬಂದುಹೋದ ನೆಂಟರಿಗೆಲ್ಲ ವಿವರಿಸುತ್ತ ಕೂರಲು ಆಗುತ್ತದೆಯೇ? ಇಂಗ್ಲಿಷ್ ಓದಲು ಬರುವ ಷಡ್ಡಕರು ಚೌಕಟ್ಟಿನ ಮುಂದೆ ನಿಂತು ತಲೆಬರಹ ಓದಿ, ನನ್ನ ಮುಖ ನೋಡಿ, ದನಿ ತಗ್ಗಿಸಿ, ‘ಯಾವಾಗ ಆಯ್ತು? ಒಂದು ಮಾತು ಹೇಳಬಾರದಾ?’ ಅಂದರು. ಮಾರನೇ ದಿನವೇ ಅವ್ವ ಅದನ್ನು ತೆಗೆಸಿ ದೇವರ ಕ್ಯಾಲೆಂಡರ್ ಹಾಕಿಸಿದಳು. ಮೊಮ್ಮಗಳ ಮದುವೆ ಮಾತುಕತೆ ನಡೆಯುವ ಮನೆಯಲ್ಲಿ ದಿವಾಳಿ ಬೋರ್ಡಿನ ಸರ್ಟಿಫಿಕೇಟ್ ಇರಕೂಡದಂತೆ.

ಇಷ್ಟಕ್ಕೇ ಮುಗಿಯಲಿಲ್ಲ. ಸದಸ್ಯರಿಗೆ ನಿರಂತರ ಶಿಕ್ಷಣ ಕೊಡುತ್ತಿರಬೇಕು ಎಂದು ನಿಯಮವೇ ನಮ್ಮ ಮೌಲ್ಯಮಾಪಕರ ಸಂಸ್ಥೆಗಳಿಗೆ ಹೇಳಿದೆ. ನಮಗೊಬ್ಬರಿಗೇ ಈ ಶಿಕ್ಷೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಎಂಬತ್ತರ ದಶಕದಲ್ಲಿ ಮನೆಸಾಲ ಕೊಡುವ ಸಂಸ್ಥೆಗಳು ಸಾಲುಸಾಲಾಗಿ ಮುಳುಗಿದವು. ಬೆಲೆ ಕಟ್ಟಿದವರು ಬಾಯಿಗೆ ಬಂದಂತೆ ಕಟ್ಟಿದ್ದೂ ಅದಕ್ಕೊಂದು ಕಾರಣ ಎಂದು ಕಂಡುಬಂದು, 1989ರ ಕಾಯ್ದೆಯಿಂದ ಅಲ್ಲಿನ ಮೌಲ್ಯಮಾಪಕರಿಗೆ ಲೈಸೆನ್ಸು ಬಂತು. ಅವರಿಗೂ ಎರಡು ವರ್ಷಕ್ಕೊಮ್ಮೆ ಏಳು ಗಂಟೆಯ ಮರುಪಾಠ ಕಡ್ಡಾಯ. ಈ ವಿಷಯ ತಿಳಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಟೆಕ್ಸಾಸಿನಲ್ಲೂ ಒಬ್ಬ ನನ್ನಂಥವನು ಕ್ಯಾಮೆರಾ ಮುಂದೆ ಆಕಳಿಕೆ ನುಂಗುತ್ತಿದ್ದಾನೆ, ಅವನ ಹೆಂಡತಿಯೂ ಹಿಂದಿನಿಂದ ಏನೋ ಅನ್ನುತ್ತಿದ್ದಾಳೆ.

ನಮ್ಮ ಕ್ಲಾಸು ಜೂಮ್‌ನಲ್ಲಿ. ಕ್ಯಾಮೆರಾ ಆನ್ ಇರಬೇಕು, ಹೆಸರಿನ ಪಕ್ಕ ನೋಂದಣಿ ಸಂಖ್ಯೆ ಕಾಣಬೇಕು, ನಡುನಡುವೆ ‘ಇದ್ದೀರಾ?’ ಎಂದು ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಒತ್ತದಿದ್ದರೆ ಗೈರುಹಾಜರಿ. ಇದಕ್ಕೆಲ್ಲ ನೆಟ್‌ವರ್ಕ್ ಬೇಕಲ್ಲ. ನಮ್ಮ ಮನೆಯಲ್ಲಿ ಅದು ಸಿಗುವುದು ಅಟ್ಟದ ಮೇಲೆ, ಮೂಡಣ ಮೂಲೆಯಲ್ಲಿ ಮಾತ್ರ.

ಅಟ್ಟ ಎಂದರೆ ನಮ್ಮಲ್ಲಿ ಸಾಮಾನು ಒಟ್ಟುವ ಜಾಗವಲ್ಲ, ಮನೆಯ ಖಜಾನೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಲ್ಲಿ ತುಂಬುತ್ತಾರೆ. ಹೆಚ್ಚುಕಮ್ಮಿ ವರ್ಷ ಕಳೆಯುವಷ್ಟರಲ್ಲಿ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಅದೇ ತಿಪಟೂರು ಉಂಡೆ ಕೊಬ್ಬರಿ. ಆ ಕಾಯಿ ರಾಶಿಯ ನಡುವೆ ನನಗೊಂದು ಮಣೆ, ಗೊಬ್ಬರದ ಚೀಲ ಮಡಿಸಿ ಹಾಸಿದ ಲ್ಯಾಪ್‌ಟಾಪ್ ಪೀಠ. ಟೈ ಕಟ್ಟಿ, ಕೆಳಗೆ ಪಂಚೆಯುಟ್ಟು, ಏಣಿ ಹತ್ತುತ್ತೇನೆ. ಎದ್ದು ನಿಂತರೆ ತೊಲೆ ತಲೆಗೆ ಬಡಿಯುವುದರಿಂದ ಗಣ್ಯರು ಬಂದಾಗಲೂ ಕೂತೇ ನಮಸ್ಕಾರ. ಮೈಕ್ ತೆರೆದಿದ್ದ ಒಂದು ಸಲ ಅವ್ವ ಪಕ್ಕದಲ್ಲಿ ಕಾಯಿ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಪರೀಕ್ಷೆ ಮಾಡುತ್ತಿದ್ದಳು. ದೆಹಲಿಯ ಉಪನ್ಯಾಸಕರು ಪಾಠ ನಿಲ್ಲಿಸಿ, ‘ಯಾರದೋ ಕಟ್ಟಡ ಕೆಲಸ ನಡೀತಿದೆ, ದಯವಿಟ್ಟು ಮ್ಯೂಟ್ ಮಾಡಿ’ ಅಂದರು.

ಪಾಠವೇನೋ ನನಗೆ, ಆದರೆ ಕಲಿತದ್ದು ಮನೆಯವರು. ಸ್ಪೀಕರ್‌ನಲ್ಲಿ ಬರುವುದೆಲ್ಲ ಅಡುಗೆಮನೆಗೆ ಕೇಳುತ್ತದೆ. ಅರ್ಥವಾಗದ್ದನ್ನು ಮಗಳು ಹೇಳುತ್ತಾಳೆ. ಒಂದು ದಿನ ‘ಅತ್ಯುತ್ತಮ ಬಳಕೆ’ ಎಂಬ ತತ್ವ ಬಂತು. ಯಾವುದೇ ಜಾಗದ ಬೆಲೆಯನ್ನು ಈಗಿನ ಬಳಕೆಯಿಂದ ಅಳೆಯಬಾರದು. ಕಾನೂನು ಒಪ್ಪುವ, ಜಾಗಕ್ಕೆ ಹೊಂದುವ, ಕಾಸು ಗಿಟ್ಟುವ, ಅದರಲ್ಲೂ ಹೆಚ್ಚು ಗಿಟ್ಟುವ ಬಳಕೆಯಿಂದ ಅಳೆಯಬೇಕು. ಸಂಜೆ ಇಳಿದು ಬರುವಷ್ಟರಲ್ಲಿ ಮುಂದಿನ ಕೋಣೆಯಲ್ಲಿದ್ದ ನನ್ನ ಫೈಲು, ಮೇಜು, ಕುರ್ಚಿ ಎಲ್ಲ ಜಗುಲಿಯಲ್ಲಿದ್ದವು. ಕೋಣೆಯಲ್ಲಿ ಕೊಬ್ಬರಿ ಚೀಲ. ‘ನಾಲ್ಕು ಪರೀಕ್ಷೇಲೂ ಚೀಲಾನೇ ಪಾಸಾಯ್ತು ಕಣ್ರೀ’ ಅಂದಳು ಹೆಂಡತಿ. ಫೈಲುಗಳಿಗೆ ಕಾನೂನಿನ ಅಡ್ಡಿಯಿಲ್ಲ, ಜಾಗಕ್ಕೂ ಹೊಂದುತ್ತವೆ, ಮೂರನೇ ಪರೀಕ್ಷೆಯಲ್ಲಿ ಬಿದ್ದವಂತೆ.

ಬ್ಯಾಂಕಿನ ನಮೂನೆಯಲ್ಲಿ ನಾವು ಒಂದೇ ಆಸ್ತಿಗೆ ಮೂರು ಬೆಲೆ ಬರೆಯುತ್ತೇವೆ: ಮಾರುಕಟ್ಟೆಯಲ್ಲಿ ಬಾಳುವ ಬೆಲೆ, ಕೈಗೆ ಹತ್ತುವ ಬೆಲೆ, ಅವಸರಕ್ಕೆ ಬಿದ್ದು ಮಾರಿದರೆ ಬರುವ ಬೆಲೆ. ಇದು ಹೆಂಡತಿಗೆ ಬಹಳ ಹಿಡಿಸಿತು. ನನ್ನನ್ನು ಕುರಿತು ತವರಿನವರ ಹತ್ತಿರ ಮಾತಾಡುವಾಗ ಈಗ ಮೂರನ್ನೂ ಬೇರೆಬೇರೆಯಾಗಿ ಹೇಳುತ್ತಾಳೆ. ನಾವು ಮಾರಾಟಗಳನ್ನು ಹೋಲಿಸಿ ಬೆಲೆ ಕಟ್ಟುವ ವಿಧಾನವಂತೂ ಅವಳಿಗೆ ಮೊದಲಿನಿಂದಲೂ ಕರತಲಾಮಲಕ. ಅಕ್ಕನ ಗಂಡ ಏನು ತಂದುಕೊಟ್ಟರು, ಎದುರು ಮನೆಯವರು ಎಲ್ಲಿಗೆ ಕರೆದುಕೊಂಡು ಹೋದರು, ಎಲ್ಲಕ್ಕೂ ದಾಖಲೆ ಇದೆ. ನನ್ನ ಕಸುಬಿನಲ್ಲಿ ಅಷ್ಟು ಒಳ್ಳೆ ದಾಖಲೆ ಸಿಗುವುದಿಲ್ಲ. ಕ್ರಯಪತ್ರದಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯ ಆಸುಪಾಸು ಒಂದು ಮೊತ್ತ ಇರುತ್ತದೆ, ಟೀ ಅಂಗಡಿಯಲ್ಲಿ ಇನ್ನೊಂದು. ನಿಜ ತಿಳಿಯಬೇಕಾದರೆ ಕ್ಷೌರಕ್ಕೆ ಹೋಗಬೇಕು.

ಕೊನೆಗೆ ತೋಟದ ಪಾಠ ಬಂತು. ಇದರಲ್ಲಾದರೂ ಮಾನ ಉಳಿಯುತ್ತದೆ ಎಂದುಕೊಂಡು ಟೈ ಬಿಗಿ ಮಾಡಿಕೊಂಡು ಕೂತೆ. ಫಲ ಕೊಡುವ ಮರಕ್ಕೆ ಆದಾಯದ ಲೆಕ್ಕದಲ್ಲಿ ಬೆಲೆ ಕಟ್ಟುವುದು ರೂಢಿ: ವರ್ಷದ ಇಳುವರಿ ಗುಣಿಸು ಬೆಲೆ, ಖರ್ಚು ಕಳೆ, ಉಳಿದ ಆಯುಷ್ಯಕ್ಕೆ ತಕ್ಕ ಗುಣಕದಿಂದ ಮತ್ತೆ ಗುಣಿಸು. ರಸ್ತೆಗೆ ಜಮೀನು ಹೋದಾಗ ಪರಿಹಾರದಲ್ಲಿ ಮರದ ಬೆಲೆಯೂ ಸೇರುತ್ತದೆ, ಅದಕ್ಕೆ ತೋಟಗಾರಿಕೆ ಬಲ್ಲವರನ್ನು ಕರೆಸಬಹುದು ಎಂದು 2013ರ ಭೂಸ್ವಾಧೀನ ಕಾಯ್ದೆಯಲ್ಲೇ ಇದೆ. ತುಮಕೂರು-ಶಿವಮೊಗ್ಗ ಹೆದ್ದಾರಿ ಅಗಲ ಮಾಡಿದಾಗ ನಮ್ಮ ಕಡೆಯ ಜನಕ್ಕೆ ಈ ಪಾಠ ಪ್ರಾಯೋಗಿಕವಾಗಿಯೇ ಆಗಿದೆ. ಉಪನ್ಯಾಸಕರು ನನ್ನ ಊರು ನೋಡಿ, ‘ತೆಂಗಿನ ನಾಡಿನವರು ನೀವು, ಒಂದು ಮರದ ಬೆಲೆ ಹೇಳಿ’ ಅಂದರು.

ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ, ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ. 2025ರಲ್ಲಿ ಬೆಂಬಲ ಬೆಲೆ 12,100, ಮಾರುಕಟ್ಟೆ ಇಪ್ಪತ್ತು ಸಾವಿರ ದಾಟಿ ಹಾರಿತು. ಹಾಗಾಗಿ ಮರ ಅದೇ ಆದರೂ ಬೆಲೆ ಯಾವ ವರ್ಷದ್ದು ಎಂದು ಕೇಳಬೇಕಾಗುತ್ತದೆ... ಅಷ್ಟರಲ್ಲಿ ಕಾಯಿ ರಾಶಿಯ ಹಿಂದಿನಿಂದ ದನಿ ಬಂತು.

‘ಯಾವ ಮರ ಅಂತ ಕೇಳ್ಲಾ ಮೊದ್ಲು! ಬಾವಿ ತಾವಿನದಾ, ಬದಿನದಾ?’

ಮ್ಯೂಟ್ ಒತ್ತಲು ಹೋದೆ. ದಾವಣಗೆರೆಯ ಸದಸ್ಯರೊಬ್ಬರು ಬಿದ್ದುಬಿದ್ದು ನಗುತ್ತ ಅದನ್ನು ಇಂಗ್ಲಿಷ್‌ಗೆ ತಿರುಗಿಸಿಬಿಟ್ಟರು. ಉಪನ್ಯಾಸಕರಿಗೆ ಕುತೂಹಲ. ಅಮ್ಮನವರೇ ಹೇಳಲಿ ಎಂದರು. ಅವ್ವ ಸೆರಗು ಸರಿಮಾಡಿಕೊಂಡು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಮಣೆಯ ಮೇಲೆ ಕೂತಳು.

‘ನೋಡಪ್ಪಾ, ಹೋದ ವರ್ಷ ಎಷ್ಟು ಕಾಯಿ ಬಿಡ್ತು ಅಂತ ಕೇಳಬ್ಯಾಡ. ಈ ವರ್ಷದ ಕಾಯಿ ಎರಡು ವರ್ಷದ ಹಿಂದ್ಲ ಮಳೇದು. ತಲೆ ಎತ್ತಿ ಗರಿ ನೋಡು. ತಿಂಗ್ಳಿಗೊಂದು ಗರಿ, ಗರಿಗೊಂದು ಗೊನೆ. ಗರಿ ಕಮ್ಮಿ ಆದ್ವಾ, ಮರ ಸೋತದೆ. ಆಮೇಲೆ ಬುಡ ನೋಡು, ಕೆಂಪಗೆ ರಸ ಸೋರ್ತಾ ಐತಾ? ನುಸಿ ಬಿದ್ದೈತಾ? ಕಪ್ಪುತಲೆ ಹುಳ ಮೇಯ್ದು ಗರಿ ಸುಟ್ಟಂಗೆ ಆಗೈತಾ? ಇದೆಲ್ಲಾ ಬಿಟ್ಟು ಗುಣಾಕಾರ ಮಾಡ್ಕಂಡು ಕುಂತ್ರೆ ಆಯ್ತದಾ?’

ಅನುವಾದ ಸಾಗುತ್ತಿದ್ದಂತೆ ಉಪನ್ಯಾಸಕರು ಬರೆದುಕೊಳ್ಳತೊಡಗಿದರು. ನಾನು ಪಾಠ ಕೇಳುವಾಗ ಎಂದೂ ಹಾಗೆ ಬರೆದುಕೊಂಡಿಲ್ಲ. ಅವ್ವನಿಗೆ ಹುರುಪು ಬಂತು. ಹಿಂದಿನ ಮನೆಯವರ ಜೊತೆ ತಲೆಮಾರಿನಿಂದ ನಡೆದಿರುವ ತಕರಾರನ್ನು ತೆಗೆದಳು. ‘ಬುಡ ನಮ್ದು. ಮರ ಅವ್ರ ಕಡೆ ವಾಲೈತೆ. ಕಾಯಿ ಅವ್ರ ಹಿತ್ಲಿಗೆ ಬೀಳ್ತದೆ. ಅವ್ರು ಕೊಡಲ್ಲ. ಈಗ ಈ ಮರ ಯಾರ ಲೆಕ್ಕಕ್ಕೆ ಬರಕಂತೀರಾ?’

ಆಮೇಲೆ ಕ್ಲಾಸು ಕ್ಲಾಸಾಗಿ ಉಳಿಯಲಿಲ್ಲ. ಕೇರಳದವರೊಬ್ಬರು ಕಾಯಿ ಬುಡದವರಿಗೇ ಸೇರಬೇಕು ಎಂದರು. ಬಿಹಾರದವರು ಮಾವಿನ ಮರದ ತಮ್ಮದೇ ಜಗಳ ತೆಗೆದರು. ನಾಗಪುರದವರು ಹೆಂಚು ಒಡೆದರೆ ನಷ್ಟ ಯಾರು ಕೊಡಬೇಕು ಎಂದು ಕೇಳಿದರು. ಕ್ಯಾಮೆರಾ ನಿಯಮವಿದ್ದರೂ ಬಾಯೇ ತೆರೆಯದೆ ಹೆಸರು ಮಾತ್ರ ತೋರಿಸಿಕೊಂಡಿರುತ್ತಿದ್ದ ಎಷ್ಟೋ ಕಪ್ಪು ಚೌಕಗಳಲ್ಲಿ ಒಮ್ಮೆಲೇ ಮುಖ ಮೂಡಿತು. ‘ಇದ್ದೀರಾ?’ ಪ್ರಶ್ನೆ ಬಂದಾಗ ಮಣೆಯ ಮೇಲಿದ್ದವಳು ಅವ್ವ, ನಾನು ಕಾಯಿ ರಾಶಿಯ ಹಿಂದೆ. ಮಗಳು ಕೈ ಚಾಚಿ ಒತ್ತಿ ನನ್ನ ಹಾಜರಿ ಉಳಿಸಿದಳು.

ವಾರದೊಳಗೆ ಸಂಸ್ಥೆಯಿಂದ ಮೇಲ್ ಬಂತು. ಮುಂದಿನ ತರಗತಿಯಲ್ಲಿ ಮಾತಾಜಿಯವರು ತೋಟದ ಮೌಲ್ಯಮಾಪನದ ಬಗ್ಗೆ ಅರ್ಧ ಗಂಟೆ ಮಾತಾಡಬೇಕೆಂದು ಸದಸ್ಯರ ಅಪೇಕ್ಷೆ. ಮಗಳು ಓದಿ ಹೇಳಿದಳು. ಅವ್ವ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

‘ಎಷ್ಟು ಕೊಡ್ತಾರಂತೆ?’

‘ಅವರು ಕೊಡಲ್ಲ ಅವ್ವ. ಕ್ಲಾಸಿಗೆ ನಾವೇ ಫೀಸು ಕಟ್ಟಬೇಕು’ ಅಂದೆ.

ಈಳಿಗೆಮಣೆ ನಿಂತಿತು. ‘ಹೇಳ್ಕೊಡಾಳು ನಾನು, ದುಡ್ಡು ಕಟ್ಟಾರೂ ನಾವೇ. ಇಂಥಾ ಗಿರಾಕಿಗಳು ಊರೋರ ಆಸ್ತಿಗೆ ಬೆಲೆ ಕಟ್ಟಾಕೆ ಹೊಂಟವ್ರೆ!’

‘ಅದರ ಮೇಲೆ ನೂರಕ್ಕೆ ಹದಿನೆಂಟು ಜಿಎಸ್‌ಟಿನೂ ಐತೆ ಅತ್ತೆ’ ಎಂದಳು ಹೆಂಡತಿ, ಒಲೆಯ ಕಡೆಯಿಂದ.