ಸಪತ್ನೀಕಪರಿವ್ರಜನ ಮೀಮಾಂಸೆ

ಅಥಾತಃ ಸಪತ್ನೀಕಪರಿವ್ರಜನಜಿಜ್ಞಾಸಾ. ಮನೆಯ ಬಾಗಿಲಿಗೆ ಬೀಗವಿಕ್ಕಿ, ಸಂಸಾರವನ್ನು ಗಾಲಿಗಳ ಮೇಲೇರಿಸಿ, ಪತಿಪತ್ನಿಯರಿಬ್ಬರೂ ಒಂದು ಋತುವನ್ನೆಲ್ಲ ಪರಸ್ಥಳದ ಬಯಲಿನಲ್ಲಿ ಕಳೆಯುವ ವ್ಯಾಪಾರವು ಸಪತ್ನೀಕಪರಿವ್ರಜನವೆನಿಸಿಕೊಳ್ಳುವುದು. ಪರಿವ್ರಾಜಕನಾದವನು ಪತ್ನಿಯನ್ನು ಬಿಟ್ಟೇ ಹೊರಡತಕ್ಕದ್ದೆಂದು ಧರ್ಮಶಾಸ್ತ್ರಕಾರರು ವಿಧಿಸಿರಲಾಗಿ, ಈ ಸಮಾಸವು ತನ್ನ ಕಾಲನ್ನು ತಾನೇ ಕಡಿದುಕೊಳ್ಳುತ್ತದೆಯೆಂದು ಆಕ್ಷೇಪಿಸುವ ಪಂಡಿತರಿಗೆ ನಮ್ಮ ಸಮಾಧಾನವಿಷ್ಟೇ: ನಿರ್ದುಷ್ಟವಾದ ಪರಿಭಾಷೆಯನ್ನು ಬಳಸಿದವನಿಗೆ ಈವರೆಗೆ ಯಾವ ವಿದ್ಯಾಪೀಠವೂ ಡಾಕ್ಟರೇಟು ಕೊಟ್ಟುದಿಲ್ಲ.

ಈ ಶಾಸ್ತ್ರದ ಉತ್ಪತ್ತಿಗೆ ನಿಮಿತ್ತವಾದುದು ಒಂದು ವಿಚಾರಸಂಕಿರಣ. ಮಹಾನಗರದ ತಂಪು ಮಾಡಿದ ಸಭಾಂಗಣವೊಂದರಲ್ಲಿ ವಿದ್ವಾಂಸರೊಬ್ಬರು, ಭಿತ್ತಿಯ ಮೇಲೆ ಅಮೆರಿಕದ ನೈಋತ್ಯ ಮರುಭೂಮಿಯ ಚಿತ್ರಗಳನ್ನು ಒಂದಾದ ಮೇಲೊಂದರಂತೆ ಮೂಡಿಸುತ್ತ, ನೌಕರಿಯನ್ನು ತೊರೆದು ಮನೆಯಂಥ ಮೋಟಾರಿನಲ್ಲಿ ಅರಿಜೋನಾ, ನ್ಯೂ ಮೆಕ್ಸಿಕೋ, ಯೂಟಾಗಳನ್ನು ಸುತ್ತುವ ದಂಪತಿಗಳ 'ಚಲನಶೀಲ ಅಸ್ಮಿತೆ'ಯನ್ನು ಒಂದು ತಾಸು ಪರ್ಯಂತ ಕೊಂಡಾಡಿದರು. ಆ ಬಳಿಕ ಚಹಾದ ವೇಳೆ ಸಮೀಪಿಸಿತೆಂಬ ಸೂಚನೆ ಬಂದುದರಿಂದ, ಬೀದರದ ಗಡಿಯಾಚೆಯ ನಮ್ಮ ನಾರಾಯಣಖೇಡದ ತಾಂಡಾಗಳಿಂದ ವರ್ಷವರ್ಷವೂ ಕಬ್ಬು ಕಡಿಯಲು ಗುಳೆ ಹೋಗುವವರನ್ನು 'ಋತುಮಾನಿಕ ಜೀವನೋಪಾಯ ವೈವಿಧ್ಯೀಕರಣ ತಂತ್ರ'ವೆಂಬ ಒಂದೇ ವಾಕ್ಯದಲ್ಲಿ ಮುಗಿಸಿದರು. ಅಲ್ಲಿಯವರಿಗೆ ಒಂದು ತಾಸು, ಇಲ್ಲಿಯವರಿಗೆ ಒಂದು ವಾಕ್ಯ. ಈ ಪಕ್ಷಪಾತವನ್ನು ಸರಿಪಡಿಸಿ, ನಮ್ಮವರಿಗೂ ಸಲ್ಲತಕ್ಕ ಪಾರಿಭಾಷಿಕ ಗೌರವವನ್ನು ಸಲ್ಲಿಸುವುದೇ ಪ್ರಸ್ತುತ ಗ್ರಂಥದ ಪ್ರಯೋಜನ. ಇದಕ್ಕೆ ಅಧಿಕಾರಿಗಳಾರೆಂದರೆ, ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವವರೆಲ್ಲರೂ.

ಪೂರ್ವಪಕ್ಷವನ್ನು ಮೊದಲು ಯಥಾವತ್ತಾಗಿ ಮಂಡಿಸುವುದು ನ್ಯಾಯ. ಅರಿಜೋನಾದ ಕ್ವಾರ್ಟ್ಸೈಟ್ ಎಂಬ ಸಣ್ಣ ಊರಿನ ಸುತ್ತಣ ಸರಕಾರಿ ಬಯಲಿನಲ್ಲಿ, ಚಳಿಗಾಲ ಬಂತೆಂದರೆ ಇಂಥ ಗಾಲಿಮನೆಗಳು ಸಹಸ್ರಗಟ್ಟಲೆ ಬಂದು ಬೀಡುಬಿಡುತ್ತವೆ. ಅಂಥ ಬಯಲಿನಲ್ಲಿ ಸಾಮಾನ್ಯವಾಗಿ 14 ದಿನ ಕಾಸಿಲ್ಲದೆ ಇರಬಹುದು. ಅದಕ್ಕೂ ಮೀರಿ ನಿಲ್ಲಬಯಸುವವರಿಗೆಂದು ಗೊತ್ತುಮಾಡಿದ ದೀರ್ಘವಾಸದ ಬಯಲುಗಳಲ್ಲಿ 180 ಡಾಲರು ತೆತ್ತರಾಯಿತು, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ವರೆಗೆ ಯಾರ ಹಂಗೂ ಇಲ್ಲ. ಇನ್ನು ಸಿದ್ಧಾಂತ. ನಮ್ಮ ದಂಪತಿಗಳ ಋತುವೂ ಹೆಚ್ಚುಕಡಿಮೆ ಅದೇ. ದಸರೆ ದೀಪಾವಳಿಗಳ ನಡುವೆ ಹೊರಡುವುದು, ಯುಗಾದಿಯ ಸುಮಾರಿಗೆ ಮರಳುವುದು. ಆದರೆ ಅಲ್ಲಿ ದಂಪತಿಗಳು ಬಯಲಿಗೆ ಹಣ ಕೊಡುತ್ತಾರೆ; ಇಲ್ಲಿ ಕೂಲಿಗಳನ್ನು ಕರೆದೊಯ್ಯುವ ಮೇಸ್ತ್ರಿಯೇ ದಂಪತಿಗಳಿಗೆ ಹಣ ಕೊಡುತ್ತಾನೆ, ಅದೂ ಮುಂಗಡವಾಗಿ. ಪ್ರವಾಸಿಗೆ ಪ್ರವಾಸಕ್ಕೆ ಮುನ್ನವೇ ಹಣ ತೆರುವ ಈ ಔದಾರ್ಯವು ಪಾಶ್ಚಾತ್ಯ ನಾಗರಿಕತೆಗೆ ಇನ್ನೂ ಹೊಳೆದಿಲ್ಲವೆಂಬುದು ನಮ್ಮ ಪ್ರಥಮ ಶೋಧ.

ವಾಹನಾಧಿಕರಣ. ಗಾಲಿಮನೆಯಲ್ಲಿ ಮಂಚ, ಒಲೆ, ಶೌಚಗೃಹ, ಮೇಲ್ಛಾವಣಿಯಲ್ಲಿ ಸೌರಫಲಕಗಳಿರುವುವೆಂದು ವಿದ್ವಾಂಸರು ವರ್ಣಿಸಿದರು. ನಮ್ಮಲ್ಲಿ ಟ್ರ್ಯಾಕ್ಟರಿಗೆ ಜೋಡಿಸಿದ ಟ್ರೇಲರಿನೊಳಗೆ ಜೋಳದ ಹಿಟ್ಟಿನ ಚೀಲ, ಒಣಮೆಣಸಿನಕಾಯಿಯ ಗಂಟು, ಕೌದಿ, ಸುತ್ತಿಟ್ಟ ತಾಡಪತ್ರಿ, ಸ್ಟೀಲಿನ ಕೊಡಗಳು, ಬುಟ್ಟಿ ಕವುಚಿ ಹಗ್ಗ ಬಿಗಿದ ಕೋಳಿ, ಇವುಗಳ ಸಂದಿನಲ್ಲಿ ಕೂಸುಗಳು, ಎಲ್ಲದರ ಮೇಲೆ ದೊಡ್ಡವರು. ಎತ್ತುಳ್ಳವರಾದರೆ ಎತ್ತು, ಚಕ್ಕಡಿಗಳೂ ಜೊತೆಗೆ. ನೆರೆಯ ಜಹೀರಾಬಾದಿನಲ್ಲಿಯೇ ಮಹೀಂದ್ರಾದವರ ದೊಡ್ಡ ಟ್ರ್ಯಾಕ್ಟರು ಕಾರ್ಖಾನೆಯಿರುವುದರಿಂದ, ವಾಹನವೂ ಪ್ರಯಾಣಿಕರೂ ಒಂದೇ ಸೀಮೆಯ ಉತ್ಪನ್ನಗಳು. ಎರಡೂ ಹೊರಗೆ ಕಳಿಸುವುದಕ್ಕೆಂದೇ ಇಲ್ಲಿ ಸಿದ್ಧವಾಗುತ್ತವೆ. (ತಾಂಡೂರಿನ ಕಡೆಯಂತೂ ನೀಲಿ ಹಳದಿ ಫರಸಿ ಕಲ್ಲುಗಳೇ ನೆಲದಿಂದೆದ್ದು ದೇಶದೇಶದ ಅಂಗಳಗಳಿಗೆ ಪರಿವ್ರಜನ ಮಾಡುತ್ತವೆ, ಆದರೆ ಕಲ್ಲಿಗೆ ಸಪತ್ನೀಕತ್ವವಿಲ್ಲದ ಕಾರಣ ಅದು ಈ ಗ್ರಂಥದ ವ್ಯಾಪ್ತಿಗೆ ಬಾರದು.)

ಶಯನಾಧಿಕರಣ. ಕಬ್ಬಿನ ಹೊಲದ ಬದಿಗೆ ನಾಲ್ಕು ಕಟ್ಟಿಗೆ ನೆಟ್ಟು, ಬಾಗಿಸಿ, ತಾಡಪತ್ರಿ ಹೊದಿಸಿ, ಕೆಳಗೆ ಕಬ್ಬಿನ ರವದಿ ಹಾಸಿದರೆ ಜೋಪಡಿ. ಕುಳಿತರೆ ತಲೆಗೆ ತಾಗದು, ನಿಂತರೆ ತಾಗುವುದು. ನಿಲ್ಲುವ ಅವಕಾಶವಾದರೂ ಯಾರಿಗಿದೆ? ಸೂರ್ಯೋದಯ, ಸೂರ್ಯಾಸ್ತ, ನಕ್ಷತ್ರಖಚಿತ ಆಕಾಶ, ಇವು ಮರುಭೂಮಿಯ ದಂಪತಿಗಳಿಗೆ ಲಭಿಸುವ ಮೂರು ಆನಂದಗಳೆಂದು ಸಂಕಿರಣದಲ್ಲಿ ಪ್ರತಿಪಾದಿತವಾಯಿತು. ನಮ್ಮವರಿಗೂ ಈ ಮೂರೂ ಪ್ರಾಪ್ತವಾಗಿವೆ: ಸೂರ್ಯೋದಯಕ್ಕೆ ಮುನ್ನ ಎರಡು ಹೊತ್ತಿನ ರೊಟ್ಟಿ ಬಡಿದು ಹೊಲಕ್ಕಿಳಿಯುವುದು, ಸೂರ್ಯಾಸ್ತಕ್ಕೆ ಹೊರೆ ಕಟ್ಟುತ್ತಿರುವುದು, ನಕ್ಷತ್ರಗಳ ಕೆಳಗೆ, ಲಾರಿ ಬಂದಾಗ ಬಂದಂತೆ ಎದ್ದು, ಹಲಗೆ ಹತ್ತಿ ಲೋಡು ಮಾಡುವುದು. ಕಡಿದ ಕಬ್ಬು ಒಣಗಿದಷ್ಟೂ ತೂಕ ಕಳೆದುಕೊಳ್ಳುವುದರಿಂದ ಕಾರ್ಖಾನೆಗೆ ತಡೆಯಿಲ್ಲ. ಕಾರ್ಖಾನೆಗೆ ತಡೆಯಿಲ್ಲವಾದ್ದರಿಂದ ಲಾರಿಗೆ ರಾತ್ರಿಯಿಲ್ಲ.

ಕ್ಷೇತ್ರಕಾರ್ಯವಿಲ್ಲದ ಪ್ರಬಂಧವು ಅಗ್ರಾಹ್ಯವೆಂದು ಬಲ್ಲೆನಾಗಿ, ನಾರಾಯಣಖೇಡದ ಬಳಿಯ ತಾಂಡಾವೊಂದರಲ್ಲಿ ಟ್ರೇಲರು ತುಂಬುತ್ತಿದ್ದ ದಂಪತಿಗಳೊಡನೆ ಸಂದರ್ಶನವನ್ನೂ ನಡೆಸಿದೆನು. "ತಮ್ಮ ಪರ್ಯಟನೆಯ ಮೂಲಪ್ರೇರಣೆ ಯಾವುದು?" ಎಂದು ಕೇಳಲು ನಾಲಗೆ ಏಳದೆ, "ಯಾ ಕಡೆ ಹೊಂಟೀರಿ ತಂಗೀ?" ಎಂದೆ. ಆಕೆ ಗಂಟಿನ ಹಗ್ಗವನ್ನು ಹಲ್ಲಿನಿಂದ ಬಿಗಿಯುತ್ತಲೇ, "ಕಬ್ಬಿಗಿ ಹೊಂಟೀವ್ರೀ ಅಣ್ಣಾ. ಅಡ್ವಾನ್ಸ್ ತಿಂದೀವಿ, ಹೋಗಬೇಕಲ್ಲ" ಎಂದಳು. ಗಂಡ ಮೇಲಿನಿಂದ, "ತಿಂದೀವಿ ಅನ್ನಬ್ಯಾಡ. ತಿಂದೀವೇನು? ಹ್ವಾದ ವರ್ಷದ ಸಾಲಕ್ಕ ಕೊಟ್ಟೀವಿ" ಎಂದು ತಿದ್ದಿದ. ಮನೆಯಲ್ಲಿ ತಮ್ಮತಮ್ಮೊಳಗೆ ಲಂಬಾಣಿ, ಪೇಟೆಯಲ್ಲಿ ತೆಲುಗು, ನನ್ನೊಡನೆ ಬೀದರದ ಕನ್ನಡ: ಇಷ್ಟು ಭಾಷೆಗಳನ್ನು ಬಲ್ಲ ಪ್ರವಾಸಿಗಳು ಕ್ವಾರ್ಟ್ಸೈಟಿನಲ್ಲಿ ಎಷ್ಟು ಮಂದಿಯೋ.

ದೇಶಾಧಿಕರಣ. 1956ರ ನವೆಂಬರ್ 1ಕ್ಕೆ ಮುನ್ನ ನಾರಾಯಣಖೇಡವೂ ಜಹೀರಾಬಾದೂ ಹೈದರಾಬಾದು ರಾಜ್ಯದ ಬೀದರ ಜಿಲ್ಲೆಯ ತಾಲೂಕುಗಳು, ತಾಂಡೂರು ಗುಲ್ಬರ್ಗಾ ಜಿಲ್ಲೆಯದು. ರಾಜ್ಯಪುನರ್ವಿಂಗಡಣೆಯ ಶಾಸನವು ಜಹೀರಾಬಾದು ತಾಲೂಕಿನಿಂದ ನಿರ್ಣಾ ಸರ್ಕಲನ್ನು ಕತ್ತರಿಸಿ ಮೈಸೂರಿಗೆ ಉಳಿಸಿ, ಬೀದರ ತಾಲೂಕಿನಿಂದ ನ್ಯಾಲಕಲ್ ಸರ್ಕಲನ್ನು ಎತ್ತಿ ಆಂಧ್ರಕ್ಕೆ ಸೇರಿಸಿ, ನಾರಾಯಣಖೇಡವನ್ನು ಇಡಿಯಾಗಿಯೇ ಒಯ್ದಿತು. ಅಂದಮೇಲೆ ನಾರಾಯಣಖೇಡದಿಂದ ಬೀದರದ ಕಬ್ಬಿನ ಹೊಲಕ್ಕೆ ಹೋಗುವ ಜೋಡಿಯು 1956ರ ಅಕ್ಟೋಬರಿನಲ್ಲಿ ತನ್ನ ಜಿಲ್ಲೆಯೊಳಗೇ ತಿರುಗುತ್ತಿದ್ದು, ಮರುತಿಂಗಳು ತಾನೊಂದು ಹೆಜ್ಜೆಯನ್ನೂ ಬದಲಿಸದೆ ಅಂತರರಾಜ್ಯ ಪ್ರಯಾಣಿಕರ ಜೋಡಿಯಾಯಿತು. ಕೂತಲ್ಲಿಯೇ ದೇಶಾಂತರವನ್ನು ಸಾಧಿಸಿದ ಈ ಯೋಗಸಿದ್ಧಿಯ ಫಲವನ್ನು ಮುಂದೆ ಹೇಳಲಾಗುವುದು.

ಇನ್ನು ವರ್ಗೀಕರಣ. ಸಪತ್ನೀಕ ಪರಿವ್ರಾಜಕರು ವಿನೋದಾರ್ಥಿಗಳು, ವಿರಾಮಾರ್ಥಿಗಳು, ವೈರಾಗ್ಯಾರ್ಥಿಗಳು, ಉದರಾರ್ಥಿಗಳು ಎಂದು ಚತುರ್ವಿಧರು. ವಿನೋದಾರ್ಥಿಗಳು ಪುನಃ ಸಚಿತ್ರರು, ಅಚಿತ್ರರು ಎಂದು ದ್ವಿವಿಧರು. ಕಂಡುದನ್ನೆಲ್ಲ ಚಿತ್ರ ತೆಗೆದು ಲೋಕಕ್ಕೆ ಕಾಣಿಸದೆ ಬಿಡದವರು ಮೊದಲನೆಯವರು. ಎರಡನೆಯವರು ಈಗ ದೊರೆಯರು. ವಿರಾಮಾರ್ಥಿಗಳು ಪಿಂಚಣಿಯುಳ್ಳವರು. ವೈರಾಗ್ಯಾರ್ಥಿಗಳು... ಸಾಕು. ಈ ಕ್ರಮವನ್ನು ಮುಂದುವರಿಸುವ ಉತ್ಸಾಹ ನನಗಿಲ್ಲ. ಏಕೆಂದರೆ ನಾಲ್ಕನೆಯ ವರ್ಗಕ್ಕೆ ಬರುವ ಹೊತ್ತಿಗೆ ಎಣಿಕೆಯ ಮಾನವೇ ಬೇರೆಯಾಗುತ್ತದೆ. ಉಳಿದ ಮೂರರಲ್ಲಿ ಗಂಡನೊಬ್ಬ, ಹೆಂಡತಿಯೊಬ್ಬಳು, ಕೂಡಿ ಇಬ್ಬರು. ಕಬ್ಬಿನ ಹೊಲದಲ್ಲಿ ಇಬ್ಬರೂ ಕೂಡಿ ಒಂದು. ಮುಂಗಡ ಜೋಡಿಗೆ, ಕೂಲಿ ಜೋಡಿಗೆ, ಟನ್ನಿನ ಲೆಕ್ಕ ಜೋಡಿಗೆ. ಮರಾಠವಾಡದಲ್ಲಿ ಆ ಜೋಡಿಯನ್ನು ಕೈಯಲ್ಲಿರುವ ಕತ್ತಿಯ ಹೆಸರಿನಿಂದ ಕೋಯ್ತಾ ಎಂದೇ ಎಣಿಸುತ್ತಾರೆ. ಬುಡದಲ್ಲಿ ಸಕ್ಕರೆ ಹೆಚ್ಚೆಂದು ಅವನು ನೆಲಕ್ಕೆ ಬಗ್ಗಿ ಬುಡಕ್ಕೇ ಕಡಿಯುತ್ತಾನೆ, ರವದಿ ಸುಲಿಯುತ್ತಾನೆ, ತುದಿ ಹಾರಿಸುತ್ತಾನೆ. ಅವಳು ಆಯ್ದು, ಸೋಗೆಯಿಂದಲೇ ಕಟ್ಟಿ, ತಲೆಯ ಮೇಲೆ ಹೊತ್ತು, ಅಡ್ಡಹಲಗೆಯ ಮೇಲೆ ನಡೆದು ಲಾರಿಗೆ ಏರಿಸುತ್ತಾಳೆ. ಇಳಿದು ಬಂದು ನೀರು ತರುತ್ತಾಳೆ, ಒಲೆ ಹಚ್ಚುತ್ತಾಳೆ. ಕಬ್ಬಿನ ಗರಿಯ ಅಲಗಿಗೆ ಇಬ್ಬರ ಮುಂಗೈಯೂ ಸಮಾನವಾಗಿ ಕುಯ್ದುಕೊಳ್ಳುತ್ತದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಹೆಸರು ಒಂದೇ, ಅದು ಅವಳದಲ್ಲ.

ಜೋಡಿಯಾಗದವನಿಗೆ ಮುಂಗಡ ಹುಟ್ಟದೆಂದು, ಸುಗ್ಗಿಗೆ ಮುನ್ನವೇ ಎಳೆಯ ಹುಡುಗಿಯರ ಕೊರಳಿಗೆ ತಾಳಿ ಬೀಳುವ ಸಂಗತಿ ಮರಾಠವಾಡದಿಂದ ಮೇಲಿಂದ ಮೇಲೆ ವರದಿಯಾಗಿದೆ. ಒಂದು ದಿನ ಕೆಲಸ ತಪ್ಪಿದರೆ ಜೋಡಿಯ ಮೇಲೆ ದಂಡ. ಆ ದಂಡಕ್ಕಂಜಿ ಬೀಡ್ ಜಿಲ್ಲೆಯಲ್ಲಿ ಇನ್ನೂ ಪ್ರಾಯದಲ್ಲಿರುವ ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಂಡ ವಾರ್ತೆ 2019ರಲ್ಲಿ ಹೊರಬಿದ್ದು, ಮಹಾರಾಷ್ಟ್ರ ಸರಕಾರ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಮುಟ್ಟಾಗುವ ಶರೀರವು ಕೂಲಿಗೆ ಅಡ್ಡಿಯೆಂದು ಶರೀರವನ್ನೇ ಕೊಯ್ಯಿಸಿಕೊಂಡ ಹೆಂಗಸನ್ನು ಯಾವ ಅಧಿಕರಣದಲ್ಲಿ ಇಡೋಣ, ಸ್ವಾಮಿ? 'ಚಲನಶೀಲ ಅಸ್ಮಿತೆ'ಯೊಳಗೋ, 'ವೈವಿಧ್ಯೀಕರಣ ತಂತ್ರ'ದೊಳಗೋ? ಈ ಪದಗಳನ್ನು ಕಟ್ಟಿದವರ ಮನೆಯ ಹೆಣ್ಣುಮಗಳೊಬ್ಬಳು ಒಂದು ಹೊರೆಯನ್ನು, ಒಂದೇ ಒಂದು ಹೊರೆಯನ್ನು, ನಡುರಾತ್ರಿ ಆ ಹಲಗೆಯ ಮೇಲೆ ಹೊತ್ತು ಏರಿದ್ದರೆ, ಇಷ್ಟು ನುಣ್ಣನೆಯ ಶಬ್ದ ಅವರ ಬಾಯಿಂದ ಬರುತ್ತಿರಲಿಲ್ಲ.

ಪೂರ್ವಪಕ್ಷದವರು ಮುಚ್ಚಿಟ್ಟ ಸಂಗತಿಯೂ ಒಂದಿದೆ. ಆ ಮರುಭೂಮಿಯ ಗಾಲಿಮನೆಗಳೆಲ್ಲ ವಿನೋದಾರ್ಥಿಗಳವಲ್ಲ. 2008ರ ಆರ್ಥಿಕ ಕುಸಿತದಲ್ಲಿ ಮನೆಮಾರು ಕಳೆದುಕೊಂಡ ವೃದ್ಧರು ಅವುಗಳಲ್ಲಿ ಬಹಳ ಮಂದಿ. ಚಳಿಗಾಲಕ್ಕೆ ಅರಿಜೋನಾ ಸೇರುವ ಮುನ್ನ, ಅಕ್ಟೋಬರಿನಲ್ಲಿ ಅವರಲ್ಲನೇಕರು ಉತ್ತರ ಡಕೋಟಾ, ಮಿನೆಸೋಟಾಗಳ ರೆಡ್ ನದಿಯ ಕಣಿವೆಗೆ ಹೋಗಿ ಹನ್ನೆರಡು ತಾಸಿನ ಪಾಳಿಗಳಲ್ಲಿ ಸಕ್ಕರೆಯ ಬೀಟ್‌ಗೆಡ್ಡೆಯ ರಾಶಿಯೊಟ್ಟುತ್ತಾರೆ. ಜೆಸ್ಸಿಕಾ ಬ್ರೂಡರ್ 2017ರಲ್ಲಿ 'ನೋಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕದಲ್ಲಿ ಇವರ ಬದುಕನ್ನು ಬರೆದರು. ಅದರಿಂದ ತೆಗೆದ ಸಿನಿಮಾಕ್ಕೆ 2021ರಲ್ಲಿ ಆಸ್ಕರ್ ಬಂತು. ಅಲ್ಲಿಯೂ ಸಕ್ಕರೆಯೇ, ಅಕ್ಟೋಬರೇ. ನಮ್ಮ ವಿದ್ವಾಂಸರು ತೋರಿಸಿದ ಚಿತ್ರಗಳಲ್ಲಿ ಕೆಂಬಂಡೆಗಳಿದ್ದುವು, ಬೀಟ್‌ಗೆಡ್ಡೆಗಳಿರಲಿಲ್ಲ.

ನೀರಿನ ಮಾತನ್ನೂ ಆಡಿಬಿಡುತ್ತೇನೆ. ಮಂಜೀರಾ ನಮ್ಮ ಸೀಮೆಯ ಅಂಚಿಗೇ ಹರಿಯುತ್ತದೆ; ಸಿಂಗೂರಿನಲ್ಲಿ ಅದಕ್ಕೆ ಕಟ್ಟಿದ ಅಣೆಯ ನೀರು ಹೈದರಾಬಾದಿನ ನಲ್ಲಿಗಳನ್ನು ಕಂಡು ದಶಕಗಳಾದುವು. ಜಹೀರಾಬಾದು, ನಾರಾಯಣಖೇಡಗಳ ಒಣಹೊಲಗಳಿಗೆ ಅದೇ ನೀರನ್ನು ಎತ್ತಿ ಹಾಯಿಸುವ ಸಂಗಮೇಶ್ವರ, ಬಸವೇಶ್ವರ ಏತನೀರಾವರಿಗಳಿಗೆ 2022ರ ಫೆಬ್ರವರಿ 21ರಂದು ನಾರಾಯಣಖೇಡದಲ್ಲಿ ಅಂದಿನ ಮುಖ್ಯಮಂತ್ರಿಗಳಿಂದ ಶಂಕುಸ್ಥಾಪನೆಯಾಯಿತು. ಫೆಬ್ರವರಿಯೆಂದರೆ ಕಬ್ಬಿನ ಸುಗ್ಗಿ ನಡುವಿಗೆ ಬಂದ ಕಾಲ; ತಾಂಡಾಗಳಲ್ಲಿ ಮುದುಕರೂ ಮೊಮ್ಮಕ್ಕಳೂ ಉಳಿದಿರುವ ಕಾಲ. ಆ ನೀರು ಯಾರ ಗುಳೆಯನ್ನು ತಪ್ಪಿಸಬೇಕೋ ಅವರು ಅಂದು ಬೇರೆಯವರ ನೀರಾವರಿಯ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದರು.

ಯೋಗಸಿದ್ಧಿಯ ಫಲವನ್ನು ಹೇಳುವೆನೆಂದು ಮಾತು ಕೊಟ್ಟಿದ್ದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಅಧಿನಿಯಮದ ಪ್ರಕಾರ, ಗುತ್ತಿಗೆದಾರನ ಮೂಲಕ ರಾಜ್ಯದ ಗಡಿ ದಾಟಿದ ಐವರು ಕೂಲಿಗಳಿದ್ದರೆ ಸಾಕಿತ್ತು: ಗುತ್ತಿಗೆದಾರನಿಗೆ ಲೈಸೆನ್ಸು ಬೇಕಿತ್ತು; ಕೂಲಿಗೆ ತಿಂಗಳ ಕೂಲಿಯ ಅರ್ಧವನ್ನೋ 75 ರೂಪಾಯಿಯನ್ನೋ, ಯಾವುದು ಹೆಚ್ಚೋ ಅದನ್ನು, ಸ್ಥಾನಪಲ್ಲಟದ ಭತ್ಯೆಯಾಗಿ ಕೊಡಬೇಕಿತ್ತು, ಮತ್ತೆ ಕೇಳಕೂಡದಿತ್ತು; ಹೋಗಿಬರುವ ಖರ್ಚನ್ನು ಕೊಡಬೇಕಿತ್ತು; ದಾರಿಯಲ್ಲಿ ಕಳೆದ ದಿನಗಳಿಗೂ ಕೂಲಿ ಕೊಡಬೇಕಿತ್ತು; ವಾಸಕ್ಕೆ ತಕ್ಕ ಮನೆ, ಪುಕ್ಕಟೆ ಔಷಧೋಪಚಾರ ಒದಗಿಸಬೇಕಿತ್ತು; ಭಾವಚಿತ್ರ ಅಂಟಿಸಿದ ಪಾಸುಪುಸ್ತಕವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿಯೂ ಬರೆದು ಕೈಗೆ ಕೊಡಬೇಕಿತ್ತು. ಟ್ರೇಲರಿನಲ್ಲಿ ಕೋಳಿಬುಟ್ಟಿಯ ಮೇಲೆ ಕೂತು ಗಡಿ ದಾಟುವ ಹೊತ್ತಿನಲ್ಲಿಯೂ ಕೂಲಿ ನಡೆಯುತ್ತಿರಬೇಕೆಂದು ಕಾನೂನು ಹೇಳಿತ್ತು! 2020ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಸಂಹಿತೆಯು ಐವರೆಂಬುದನ್ನು ಹತ್ತಕ್ಕೇರಿಸಿ, ಸ್ಥಾನಪಲ್ಲಟದ ಭತ್ಯೆಯನ್ನು ಕೈಬಿಟ್ಟಿದೆ. ಕೊಡದೆ ಇದ್ದುದನ್ನು ಕೈಬಿಡುವುದು ಸುಲಭ.

ಸುಗ್ಗಿ ಮುಗಿದ ಮೇಲೆ ಮೇಸ್ತ್ರಿ ಲೆಕ್ಕ ಓದುತ್ತಾನೆ. ಕಡಿದ ಟನ್ನುಗಳನ್ನೆಲ್ಲ ಮುಂಗಡದಲ್ಲಿ ಮುರಿದ ಮೇಲೂ ಬಾಕಿ ನಿಲ್ಲುವುದು ಹೊಸತಲ್ಲ. ಆ ಬಾಕಿಯೇ ಮುಂದಿನ ದಸರೆಯ ಪ್ರಯಾಣಕ್ಕೆ ಕಾದಿರಿಸಿದ ಟಿಕೇಟು. ಸಂಕಿರಣದ ಸಂಘಟಕರು ಈ ಗ್ರಂಥದ ಸಾರಾಂಶವನ್ನೂ, ಅದರಿಂದ ಹೊರಡುವ 'ನೀತಿನಿರೂಪಣಾ ಸೂಚನೆ'ಗಳನ್ನೂ ಒಂದು ಪುಟಕ್ಕೆ ಮೀರದಂತೆ ಕಳಿಸಬೇಕೆಂದು ಬರೆದಿದ್ದಾರೆ. ಪುಟ ಬೇಕಿಲ್ಲ. ಜೋಡಿಯನ್ನು ಇಬ್ಬರೆಂದು ಎಣಿಸಿ, ಅವಳ ಹೆಸರಿನಲ್ಲೊಂದು ಸಾಲು, ಅವಳ ಕೂಲಿಗೊಂದು ಖಾತೆ, ಅವಳ ಭಾವಚಿತ್ರವಿರುವ ಪಾಸುಪುಸ್ತಕವೊಂದನ್ನು ಕೊಡತಕ್ಕದ್ದು. ಒಂದು ಸಾಲಿರುವಲ್ಲಿ ಎರಡು ಸಾಲು ಬರೆಯಲು ತಗಲುವ ಹೆಚ್ಚುವರಿ ಮಸಿಯ ಖರ್ಚನ್ನು, ಬೇಕಾದರೆ, ಈ ಗ್ರಂಥಕಾರನ ಲೆಕ್ಕದಲ್ಲಿ ಮುರಿದುಕೊಳ್ಳಲಿ.